ಸದ್ದಿಲ್ಲದ ದಂಡೆ ಹಿಡಿದು: ಫ್ರಾನ್ಸಿನ ಲೋಟ್ ಮತ್ತು ಸೆಲೆ ಕಣಿವೆಯಲ್ಲಿ ಐದು ದಿನ ಸೈಕಲ್

ಮೊದಲ ಸಲ ಕಾಓರ್ ಪಟ್ಟಣದಿಂದ ಸೈಕಲ್ ಹತ್ತಿ ಹೊರಟಾಗ ಫೋನ್ ತೋರಿಸಿದ ದಾರಿಯನ್ನೇ ನಂಬಿದೆ. ಅದು ನದಿಯ ಬಲದಂಡೆಯ ದೊಡ್ಡ ರಸ್ತೆ. ಹಿಂದಿನಿಂದ ಲಾರಿ, ಎದುರಿನಿಂದ ಕ್ಯಾರವಾನ್ ಎಳೆದುಕೊಂಡು ಬರುವ ಕಾರು. ಹ್ಯಾಂಡಲ್ ಬಿಗಿಯಾಗಿ ಹಿಡಿದು ಹಿಡಿದು ಅಂಗೈ ನೋವು. ಒಂದು ಕಡೆ ನೀರು ಕುಡಿಯೋಣ ಅಂತ ನಿಂತು ಆಚೆ ನೋಡಿದರೆ, ಎದುರು ದಂಡೆಯಲ್ಲಿ ಅಜ್ಜ ಒಬ್ಬರು ಕ್ಯಾರಿಯರ್‌ಗೆ ಉದ್ದನೆಯ ಬ್ರೆಡ್ ಸಿಕ್ಕಿಸಿಕೊಂಡು ಆರಾಮಾಗಿ ಪೆಡಲ್ ತುಳಿಯುತ್ತಾ ಹೋಗುತ್ತಿದ್ದರು. ಅವರ ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಅಲ್ಲೊಂದು ರಸ್ತೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಆಮೇಲೆ ತೂಲೂಸ್‌ನಲ್ಲಿ ಕೆಲಸಕ್ಕಿದ್ದಷ್ಟು ದಿನ ರಜೆ ಸಿಕ್ಕಾಗಲೆಲ್ಲ ಈ ಕಣಿವೆಗೆ ಹೋದೆ. ಕಲಿತದ್ದು ಇಷ್ಟೇ: ನದಿಗೆ ಎರಡು ದಂಡೆ. ದೊಡ್ಡ ರಸ್ತೆ ಒಂದರ ಮೇಲೆ ಇದ್ದರೆ, ನಮ್ಮ ರಸ್ತೆ ಇನ್ನೊಂದರ ಮೇಲೆ. ಎರಡೂ ಕಡೆ ದೊಡ್ಡದೇ ಇದ್ದರೆ ಉಪನದಿಗೆ ತಿರುಗಿಬಿಡಿ.

ನಾನು ಹೇಳುತ್ತಿರುವುದು ನೈಋತ್ಯ ಫ್ರಾನ್ಸಿನ ಕೆರ್ಸಿ ಸೀಮೆ. ಮುಖ್ಯ ನದಿ ಲೋಟ್. ಹೆಸರು ಕೇಳಿದ ತಕ್ಷಣ ನಮಗೆ ಕಾಫಿ ಲೋಟ ನೆನಪಾಗುತ್ತದೆ, ಏನು ಮಾಡುವುದು. ಅದು ಸೆವೆನ್ ಬೆಟ್ಟಸಾಲಿನಲ್ಲಿ ಹುಟ್ಟಿ, ಸುಮಾರು 480 ಕಿ.ಮೀ. ಹರಿದು ಗರೋನ್ ನದಿ ಸೇರುತ್ತದೆ. ನೇರವಾಗಿ ಹರಿಯುವ ಅಭ್ಯಾಸವೇ ಅದಕ್ಕಿಲ್ಲ. ಕಾಓರ್ ಪಟ್ಟಣವನ್ನೇ ಮೂರು ಕಡೆ ಸುತ್ತಿಕೊಂಡಿದೆ. ಅದರ ಉಪನದಿಯ ಹೆಸರು ಸೆಲೆ. ನಮ್ಮ ನೀರಿನ ಸೆಲೆಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಕನ್ನಡದವರ ಬಾಯಲ್ಲಿ ಇಷ್ಟು ಸಲೀಸಾಗಿ ಕೂರುವ ಫ್ರೆಂಚ್ ಹೆಸರು ಮತ್ತೊಂದಿಲ್ಲ. ಕಾಓರ್‌ನಿಂದ ಹೊರಟು, ಸೆಲೆ ದಂಡೆಯಲ್ಲಿ ಫಿಜಾಕ್ ಪಟ್ಟಣಕ್ಕೆ ಹೋಗಿ, ಲೋಟ್ ದಂಡೆಯಲ್ಲಿ ವಾಪಸ್ ಬರುವುದು ನಮ್ಮ ಸುತ್ತು. ಒಟ್ಟು ಸುಮಾರು 170 ಕಿ.ಮೀ. ಗಟ್ಟಿಗರು ಎರಡು ದಿನಕ್ಕೆ ಮುಗಿಸುತ್ತಾರೆ. ನಾನು ಐದು ದಿನ ಅನ್ನುತ್ತೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

1. ತಿಂಗಳು ನೋಡಿ ಹೊರಡಿ

ಮೇ ಕೊನೆ, ಜೂನ್, ಸೆಪ್ಟೆಂಬರ್. ಇಷ್ಟೇ. ಜುಲೈ, ಆಗಸ್ಟ್‌ನಲ್ಲಿ ಇಡೀ ಫ್ರಾನ್ಸಿಗೆ ರಜೆ. ನದಿ ತುಂಬ ದೋಣಿ, ರಸ್ತೆ ತುಂಬ ಕಾರು. ಜೊತೆಗೆ ಸುಣ್ಣದ ಕಲ್ಲಿನ ಬಂಡೆಗಳು ಬಿಸಿಲು ಕುಡಿದು ಮಧ್ಯಾಹ್ನ ಒಲೆಯ ಹಾಗೆ ಶಾಖ ಕಾರುತ್ತವೆ. ರಾಯಚೂರಿನವರಿಗೆ ಇದೇನು ದೊಡ್ಡದಲ್ಲ ಬಿಡಿ, ಆದರೆ ರಜೆ ಹಾಕಿ ಹೋಗಿ ಯಾಕೆ ಬೇಯಬೇಕು? ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕು ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಹೊರಟು ಹನ್ನೆರಡರೊಳಗೆ ಮುಕ್ಕಾಲು ದಾರಿ ಮುಗಿಸಿ, ಊಟ ಮಾಡಿ, ಮರದ ಕೆಳಗೆ ಮಲಗಿ, ಐದರ ಮೇಲೆ ಉಳಿದದ್ದು ತುಳಿದರೆ ಸಾಕು.

ವಾರದ ದಿನವೂ ಮುಖ್ಯ. ಭಾನುವಾರ ಲಾರಿ ಇಲ್ಲ, ಆದರೆ ಲೋಟ್ ದಂಡೆಯ ದೊಡ್ಡ ರಸ್ತೆಗೆ ಮೋಟಾರ್‌ಬೈಕ್ ಗುಂಪುಗಳು ಬರುತ್ತವೆ. ಭಾನುವಾರವನ್ನು ಸೆಲೆ ಕಣಿವೆಗೆ ಇಟ್ಟುಕೊಳ್ಳಿ.

2. ಬಿಳಿ ಗೆರೆ ಹಿಡಿಯಿರಿ

ಕಾಗದದ ನಕ್ಷೆ ಕೊಳ್ಳಿ. ಮಿಶೆಲಿನ್ ಕಂಪನಿಯ 337ನೇ ನಂಬರಿನ ನಕ್ಷೆಯಲ್ಲಿ ಈ ಇಡೀ ಜಿಲ್ಲೆ ಸಿಗುತ್ತದೆ. ಅದರಲ್ಲಿ ಕೆಂಪು ಗೆರೆ ದೊಡ್ಡ ರಸ್ತೆ: ಬೇಡ. ಹಳದಿ ನಡುತರದ್ದು: ಬೇರೆ ದಾರಿ ಇಲ್ಲದಿದ್ದರೆ ಸರಿ. ಬಿಳಿ ಗೆರೆ ನಮ್ಮದು. ರಸ್ತೆಯ ಪಕ್ಕಕ್ಕೆ ಹಸಿರು ಅಂಚು ಎಳೆದಿದ್ದರೆ ಅಲ್ಲಿ ನೋಟ ಚೆನ್ನಾಗಿದೆ ಅಂತ ಅರ್ಥ. ಬಿಳಿ ಗೆರೆಗೆ ಹಸಿರು ಅಂಚು ಸಿಕ್ಕರೆ ಯೋಚನೆಯೇ ಬೇಡ.

ನಕ್ಷೆಯಲ್ಲಿ ರಸ್ತೆಗೆ ಅಡ್ಡಲಾಗಿ ಸಣ್ಣ ಬಾಣದ ತಲೆಗಳು ಇರುತ್ತವೆ, ಅವು ಏರು. ಒಂದು ಬಾಣ ಇದ್ದರೆ ಉಸಿರು ಬಿಗಿಯಾಗುತ್ತದೆ. ಎರಡು ಇದ್ದರೆ ನನ್ನಂಥವರು ಇಳಿದು ತಳ್ಳುತ್ತಾರೆ. ಇದರಲ್ಲಿ ನಾಚಿಕೆ ಏನಿಲ್ಲ.

ರಸ್ತೆಗಳ ಹೆಸರಿನ ಮುಂದೆ 'ಡಿ' ಅಕ್ಷರ ಇರುತ್ತದೆ, ಜಿಲ್ಲಾ ರಸ್ತೆ ಅಂತ. ನಮ್ಮ ಸುತ್ತಿನಲ್ಲಿ ನೆನಪಿಡಬೇಕಾದವು ಮೂರು. ಡಿ 41 ಅಂದರೆ ಸೆಲೆ ಪಕ್ಕದ್ದು. ಡಿ 662 ಲೋಟ್ ಬಲದಂಡೆಯ ದೊಡ್ಡಣ್ಣ. ಡಿ 8 ಎಡದಂಡೆಯ ಚಿಕ್ಕ ತಮ್ಮ. ಎಡ, ಬಲ ಅನ್ನುವುದನ್ನು ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ಲೆಕ್ಕ ಹಾಕುತ್ತಾರೆ. ನೀವು ಮೇಲ್ಮುಖವಾಗಿ ಹೋಗುವಾಗ ಎಡದಂಡೆ ನಿಮ್ಮ ಬಲಕ್ಕಿರುತ್ತದೆ. ಇಷ್ಟು ತಲೆಯಲ್ಲಿ ಇಲ್ಲದೆ ನಾನು ಒಂದು ಸಲ ಹೋಟೆಲಿನವರ ಜೊತೆ ಹತ್ತು ನಿಮಿಷ ವಾದ ಮಾಡಿದ್ದೆ.

ಫೋನ್ ಬೇಡ ಅನ್ನುತ್ತಿಲ್ಲ. ಆದರೆ ಬಂಡೆಗಳ ನಡುವೆ ಸೆಲೆ ಕಣಿವೆಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ನಕ್ಷೆ ಮೊದಲೇ ಇಳಿಸಿಟ್ಟುಕೊಳ್ಳಿ. ಇನ್ನೊಂದು: ಹಳ್ಳಿಯ ಹೆಸರನ್ನು ಕಿವಿಗೆ ಕೇಳಿದ ಹಾಗೆ ಟೈಪ್ ಮಾಡಿದರೆ ಸಿಗುವುದಿಲ್ಲ. ಫ್ರೆಂಚ್‌ನಲ್ಲಿ ಬರೆಯುವುದೇ ಒಂದು, ಹೇಳುವುದೇ ಒಂದು.

3. ತಲುಪುವುದು ಮತ್ತು ಸೈಕಲ್ ವಿಚಾರ

ಬೆಂಗಳೂರಿನಿಂದ ಬರುವವರು ಪ್ಯಾರಿಸ್‌ನಲ್ಲಿ ಇಳಿದು, ಓಸ್ಟರ್ಲಿಟ್ಜ್ ಸ್ಟೇಷನ್ನಿನಿಂದ ಕಾಓರ್‌ಗೆ ನೇರ ರೈಲು ಹಿಡಿಯಬಹುದು. ಐದು ಗಂಟೆಗೂ ಜಾಸ್ತಿ ಪಯಣ. ತೂಲೂಸ್‌ನಿಂದಾದರೆ ಲೋಕಲ್ ರೈಲಿನಲ್ಲಿ ಒಂದೂವರೆ ಗಂಟೆಯ ಆಸುಪಾಸು. ದೂರದ ರೈಲಿನಲ್ಲಿ ಸೈಕಲ್ ಒಯ್ಯಲು ಸೈಕಲ್ಲಿಗೂ ಸೀಟು ಮೊದಲೇ ಕಾಯ್ದಿರಿಸಬೇಕು, ಜಾಗ ಕಮ್ಮಿ. ಚಕ್ರ ಬಿಚ್ಚಿ ಚೀಲಕ್ಕೆ ಹಾಕಿದರೆ ಲಗೇಜ್ ಲೆಕ್ಕ.

ನನ್ನ ಸಲಹೆ: ವಿಮಾನದಲ್ಲಿ ಸೈಕಲ್ ತರಬೇಡಿ. ಕಾಓರ್‌ನಲ್ಲೋ ಫಿಜಾಕ್‌ನಲ್ಲೋ ಬಾಡಿಗೆಗೆ ತಗೊಳ್ಳಿ. ಹೊರಡುವ ಹದಿನೈದು ದಿನ ಮೊದಲೇ ಇಮೇಲ್ ಹಾಕಿ ನಿಮ್ಮ ಎತ್ತರ ಹೇಳಿ. ಟೈರ್ 28ರಿಂದ 32 ಮಿಲಿಮೀಟರ್ ಅಗಲ ಇರಲಿ, ಹಿಂದಿನ ಗೇರಿನ ದೊಡ್ಡ ಹಲ್ಲು ಚಕ್ರ 34 ಹಲ್ಲಿನದಿದ್ದರೆ ಮಂಡಿ ನಿಮ್ಮನ್ನು ಹರಸುತ್ತದೆ. ಬ್ಯಾಟರಿ ಸೈಕಲ್ ತಗೊಂಡರೂ ಯಾರೂ ನಗುವುದಿಲ್ಲ. ಅಲ್ಲಿನ ಎಪ್ಪತ್ತರ ಅಜ್ಜಿಯರು ಅದರಲ್ಲೇ ನಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ.

ಸೈಕಲ್ ಕೈಗೆ ಬಂದ ಕೂಡಲೇ ಒಂದು ಕೆಲಸ ಮಾಡಿ. ಅಂಗಳದಲ್ಲೇ ನಿಧಾನವಾಗಿ ಓಡಿಸಿ ಒಂದೊಂದೇ ಬ್ರೇಕ್ ಒತ್ತಿ ನೋಡಿ. ನಮ್ಮಲ್ಲಿ ಬಹುಪಾಲು ಸೈಕಲ್‌ಗಳಲ್ಲಿ ಮುಂದಿನ ಬ್ರೇಕ್ ಬಲಗೈಗೆ. ಫ್ರಾನ್ಸ್‌ನಲ್ಲಿ ಅದು ಎಡಗೈಗೆ. ಇಳಿಜಾರಿನಲ್ಲಿ ಹಿಂದಿನದು ಅಂದುಕೊಂಡು ಮುಂದಿನದನ್ನು ಗಕ್ಕನೆ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ. ಬದಲಾಯಿಸಿ ಕೊಡಿ ಅಂದರೆ ಕೆಲವು ಅಂಗಡಿಯವರು ಬದಲಾಯಿಸಿ ಕೊಡುತ್ತಾರೆ.

4. ರಸ್ತೆಯ ಮರ್ಯಾದೆ

ಬಲಗಡೆ ಓಡಿಸಬೇಕು. ಎಲ್ಲರಿಗೂ ಗೊತ್ತು, ಎಲ್ಲರೂ ಮರೆಯುತ್ತಾರೆ. ಟ್ರಾಫಿಕ್ ಇದ್ದಾಗ ಮರೆಯುವುದಿಲ್ಲ, ಖಾಲಿ ರಸ್ತೆಯಲ್ಲೇ ಮರೆಯುವುದು. ಬೆಳಿಗ್ಗೆ ಹೋಟೆಲ್ ಗೇಟಿನಿಂದ ಹೊರಬಿದ್ದ ಮೊದಲ ನಿಮಿಷ, ಊಟ ಮುಗಿಸಿ ಹೊರಟ ಮೊದಲ ನಿಮಿಷ, ಇವೆರಡೇ ಅಪಾಯ. ನಾನು ಹ್ಯಾಂಡಲಿನ ಬಲ ತುದಿಗೆ ಕೆಂಪು ದಾರ ಕಟ್ಟಿಕೊಂಡಿದ್ದೆ.

ಹಳ್ಳಿಯೊಳಗೆ ಇನ್ನೊಂದು ವಿಚಿತ್ರ ನಿಯಮ ಇದೆ. ಬೇರೆ ಸೂಚನೆ ಇಲ್ಲದಿದ್ದರೆ ಬಲಗಡೆಯ ಗಲ್ಲಿಯಿಂದ ಬರುವ ಗಾಡಿಗೇ ಮೊದಲ ಹಕ್ಕು. ಅದು ಟ್ರ್ಯಾಕ್ಟರ್ ಓಡಾಡುವ ಸಣ್ಣ ಓಣಿ ಆಗಿದ್ದರೂ ಅಷ್ಟೇ. ನೀವು ಮುಖ್ಯ ರಸ್ತೆಯಲ್ಲಿದ್ದೀರಿ ಅನ್ನುವ ಜಂಬ ನಡೆಯುವುದಿಲ್ಲ. ಚೌಕ ಹತ್ತಿರ ಬಂದಾಗ ಬ್ರೇಕ್ ಮೇಲೆ ಬೆರಳು ಇರಲಿ.

ಮುಂದೆ ಹಿಂದೆ ದೀಪ, ಗಂಟೆ, ರಿಫ್ಲೆಕ್ಟರ್ ಬೇಕೇ ಬೇಕು. ಊರಾಚೆ ಕತ್ತಲಲ್ಲೋ ಮಂಜಲ್ಲೋ ಓಡಿಸಿದರೆ ಮಿನುಗುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ ಕಾನೂನು ಪ್ರಕಾರ 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕಡ್ಡಾಯ, ಆದರೂ ಹಾಕಿಕೊಳ್ಳಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡಿಸಿದರೆ 135 ಯೂರೋ ದಂಡ. ಕಾರಿನವರು ಊರಾಚೆ ನಿಮ್ಮಿಂದ ಒಂದೂವರೆ ಮೀಟರ್ ದೂರ ಬಿಟ್ಟು ದಾಟಬೇಕು. ಈ ಕಡೆಯವರು ನಿಜವಾಗಿಯೂ ಬಿಡುತ್ತಾರೆ. ತಿರುವಿನಲ್ಲಿ ಹಿಂದೆಯೇ ಕಾಯುತ್ತಾರೆ, ಹಾರನ್ ಮಾಡುವುದಿಲ್ಲ. ನಮಗೆ ಇದು ಅಭ್ಯಾಸವಿಲ್ಲದೆ, ಹಿಂದೆ ಕಾರು ಇದ್ದದ್ದೇ ಗೊತ್ತಾಗದೆ ಬೆಚ್ಚಿಬೀಳುತ್ತೇವೆ.

ಕಲಿಯಬೇಕಾದ ಫಲಕದ ಪದಗಳು ಮೂರು. 'ರೂತ್ ಬಾರೇ' ಅಂದರೆ ರಸ್ತೆ ಬಂದ್. 'ದೇವಿಯಾಸಿಯೋಂ' ಅಂದರೆ ಸುತ್ತು ದಾರಿ. ಸೈಕಲ್ ಆದರೆ ಎಷ್ಟೋ ಸಲ ಬಂದ್ ಆದ ರಸ್ತೆಯಲ್ಲೂ ಕೆಲಸದವರು ತಳ್ಳಿಕೊಂಡು ಹೋಗಲು ಬಿಡುತ್ತಾರೆ, ನಗುನಗುತ್ತಾ ಕೇಳಬೇಕು ಅಷ್ಟೇ. ಮೂರನೆಯದು 'ಗ್ರಾವಿಯೋಂ'. ಇದಕ್ಕೆ ಹೆದರಿ. ಬೇಸಿಗೆಯಲ್ಲಿ ಸಣ್ಣ ರಸ್ತೆಗಳಿಗೆ ಡಾಂಬರು ಸುರಿದು ಮೇಲೆ ಜಲ್ಲಿಪುಡಿ ಚೆಲ್ಲಿ ಹೋಗಿರುತ್ತಾರೆ. ಓಡಾಡುವ ಗಾಡಿಗಳ ಚಕ್ರವೇ ರೋಲರ್. ಕಾಜಾರ್ಕ್ ಹತ್ತಿರ ಒಂದು ಇಳಿಜಾರಿನಲ್ಲಿ ಆ ಫಲಕ ನೋಡಿಯೂ ವೇಗ ಇಳಿಸದೆ ಹೋದೆ. ತಿರುವಿನಲ್ಲಿ ಮುಂದಿನ ಚಕ್ರ ಸುಮ್ನೆ ಬದಿಗೆ ಜಾರಿತು. ಮೊಣಕೈಯಿಂದ ಕಲ್ಲುಪುಡಿ ತೆಗೆಯಲು ಔಷಧಿ ಅಂಗಡಿಯ ಹೆಂಗಸು ಚಿಮಟ ಹಿಡಿದು ಕಾಲು ಗಂಟೆ ಕೂತಿದ್ದರು. ತುರ್ತು ಇದ್ದರೆ ಫೋನ್ 112.

5. ಹನ್ನೆರಡು ಗಂಟೆಯ ಕಟ್ಟಳೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡು. ಎರಡೂಕಾಲಿಗೆ ಹೋಟೆಲ್ ಒಳಗೆ ಕಾಲಿಟ್ಟರೆ ಅಡುಗೆಮನೆ ಮುಚ್ಚಿದೆ ಅನ್ನುತ್ತಾರೆ. ಬೇಡಿಕೊಂಡರೂ ಪ್ರಯೋಜನವಿಲ್ಲ. ಅದೇ ಹೊತ್ತಿಗೆ ಕಿರಾಣಿ ಅಂಗಡಿಯೂ ಮುಚ್ಚಿರುತ್ತದೆ. ಸೋಮವಾರ ಬಹಳಷ್ಟು ಅಂಗಡಿ ತೆಗೆಯುವುದೇ ಇಲ್ಲ. ಬ್ರೆಡ್ ಅಂಗಡಿಗೂ ವಾರಕ್ಕೊಂದು ರಜೆ. ಸೆಲೆ ಕಣಿವೆಯ ಎಷ್ಟೋ ಹಳ್ಳಿಗಳಲ್ಲಿ ಅಂಗಡಿಯೇ ಇಲ್ಲ. ಹಾಗಾಗಿ ಬೆಳಿಗ್ಗೆ ಹೊರಡುವ ಊರಲ್ಲೇ ಮಧ್ಯಾಹ್ನದ ಬುತ್ತಿ ಕಟ್ಟಿಕೊಳ್ಳಿ: ಬ್ರೆಡ್, ಟೊಮೆಟೊ, ಹಣ್ಣು, ರೊಕಮದೂರ್ ಚೀಸ್. ಇದು ಮೇಕೆ ಹಾಲಿನದು, ನಮ್ಮ ನಿಪ್ಪಟ್ಟಿಗಿಂತ ಚಿಕ್ಕ ಬಿಲ್ಲೆ. ಒಳಗೆ ಬೆಣ್ಣೆಯ ಹಾಗೆ ಮೆತ್ತಗೆ. ಅದರ ಜೊತೆ ಇಲ್ಲಿನ ಆಕ್ರೋಟ್ ತಿಂದರೆ ಬೇರೇನೂ ಬೇಡ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಪುಟ್ಟ ಡಬ್ಬಿ ಚಟ್ನಿಪುಡಿ ಇರುತ್ತಿತ್ತು. ಚೀಸ್ ಮೇಲೆ ಉದುರಿಸಿ ನೋಡಿ, ಫ್ರೆಂಚರು ಬೈದರೆ ಬೈಯಲಿ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಇದು ಬಾತುಕೋಳಿ ಸೀಮೆ. ಆಲೂಗಡ್ಡೆಯನ್ನೂ ಬಾತಿನ ಕೊಬ್ಬಿನಲ್ಲಿ ಹುರಿಯುತ್ತಾರೆ. ಸಲಾಡ್ ಅಂದರೆ ಮೇಲೆ ಹಂದಿ ಮಾಂಸದ ಚೂರು ಇರಬಹುದು. 'ಮಾಂಸ ತಿನ್ನಲ್ಲ' ಅಂದರೆ ಸಾಲದು, ಕೊಬ್ಬೂ ಬೇಡ ಅಂತ ಬಿಡಿಸಿ ಹೇಳಬೇಕು. ಮೊಟ್ಟೆ ತಿನ್ನುವವರಾದರೆ ಆಮ್ಲೆಟ್ ಎಲ್ಲ ಕಡೆ ಸಿಗುತ್ತದೆ. ರಾತ್ರಿ ತಂಗುವ ಮನೆಯವರಿಗೆ ಹಿಂದಿನ ದಿನವೇ ತಿಳಿಸಿದರೆ ಪ್ರೀತಿಯಿಂದ ಮಾಡಿ ಹಾಕುತ್ತಾರೆ.

ನೀರು? ಈ ಸೀಮೆಯ ಮೇಲಿನ ಬಯಲಿಗೆ 'ಕೋಸ್' ಅನ್ನುತ್ತಾರೆ. ಸುಣ್ಣದ ಕಲ್ಲು. ಮಳೆ ಬಿದ್ದ ನೀರೆಲ್ಲ ಬಿರುಕಿನಲ್ಲಿ ಇಳಿದು ನೆಲದೊಳಗೆ ಹರಿಯುತ್ತದೆ. ಮೇಲೆ ಹಳ್ಳ ತೊರೆ ಹುಡುಕಬೇಡಿ. ಬಾಟಲಿ ತುಂಬಿಸಲು ಒಳ್ಳೆಯ ಜಾಗ ಸ್ಮಶಾನ! ಹೂವಿಗೆ ನೀರು ಹಾಕಲು ಗೇಟಿನ ಒಳಗೆ ನಲ್ಲಿ ಇಟ್ಟಿರುತ್ತಾರೆ. ಮೊದಮೊದಲು ನನಗೂ ಮನಸ್ಸು ಒಪ್ಪಲಿಲ್ಲ, ಬಾಯಾರಿದಾಗ ಒಪ್ಪಿತು. ಫಲಕದಲ್ಲಿ 'ಓ ಪೊತಾಬ್ಲ್' ಅಂತಿದ್ದರೆ ಕುಡಿಯಬಹುದು, ನಡುವೆ 'ನೋಂ' ಸೇರಿದ್ದರೆ ಮುಖ ತೊಳೆಯಲು ಮಾತ್ರ.

6. ಮೊದಲ ದಿನ: ಕಾಓರ್‌ನಿಂದ ಸ್ಯಾಂ-ಸಿರ್-ಲಪೊಪಿ, 32 ಕಿ.ಮೀ. ಆಸುಪಾಸು

ಹೊರಡುವ ಮುಂಚೆ ವಾಲಾಂಟ್ರೆ ಸೇತುವೆ ನೋಡಿಬಿಡಿ. 1308ರಲ್ಲಿ ಕೆಲಸ ಶುರುವಾದದ್ದು, ಮೇಲೆ ಮೂರು ಗೋಪುರ. ಕಾರು ಬಿಡುವುದಿಲ್ಲ. ಕಟ್ಟುವ ಮೇಸ್ತ್ರಿ ಕೆಲಸ ಸಾಗದೆ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡನಂತೆ: ಹೇಳಿದ್ದನ್ನೆಲ್ಲ ನೀನು ಮಾಡಿದರೆ ನನ್ನ ಆತ್ಮ ನಿನಗೆ. ಕೊನೆಗೆ 'ಜರಡಿಯಲ್ಲಿ ನೀರು ತಂದುಕೊಡು' ಅಂದನಂತೆ. ಸೋತ ಸೈತಾನ ಸಿಟ್ಟಿಗೆ ದಿನಾ ರಾತ್ರಿ ನಡುಗೋಪುರದ ಒಂದು ಕಲ್ಲು ಕಿತ್ತುಹಾಕುತ್ತಿದ್ದನಂತೆ. 1879ರಲ್ಲಿ ದುರಸ್ತಿ ಮಾಡಿದ ವಾಸ್ತುಶಿಲ್ಪಿ ಪೋಲ್ ಗೂ ಆ ಮೂಲೆಗೆ ಕಲ್ಲು ಕೀಳುವ ಸೈತಾನನ ಪುಟ್ಟ ಮೂರ್ತಿಯನ್ನೇ ಕೆತ್ತಿಸಿ ಕೂರಿಸಿದ. ಕತ್ತು ಎತ್ತಿ ಹುಡುಕಿ, ಸಿಗುತ್ತದೆ.

ಕಾಓರ್‌ನಿಂದ ಬಲದಂಡೆಯ ದೊಡ್ಡ ರಸ್ತೆ ಹಿಡಿಯಬೇಡಿ, ನಾನು ಪಟ್ಟ ಪಾಡು ಮೊದಲೇ ಹೇಳಿದೆ. ಎಡದಂಡೆಯಲ್ಲಿ ಆರ್ಕಂಬಾಲ್ ಕಡೆಗೆ ಹೋಗಿ, ಅಲ್ಲಿಂದ ಬಿಳಿ ಗೆರೆಯ ರಸ್ತೆಗಳಲ್ಲಿ ಮುಂದುವರಿದು, ವೇರ್ ಹಳ್ಳಿಯ ಹತ್ತಿರ ಸೇತುವೆ ದಾಟಿ. ಅಲ್ಲಿಂದ ಕೆಲವು ಕಿ.ಮೀ. ಡಿ 662 ಬೇರೆ ಗತಿಯಿಲ್ಲ. ಒಂದು ಕಡೆ ನದಿ, ಇನ್ನೊಂದು ಕಡೆ ರಸ್ತೆಯ ಮೇಲೇ ಬಾಗಿದ ಬಂಡೆ. ಬೆಳಿಗ್ಗೆ ಒಂಬತ್ತರೊಳಗೆ ದಾಟಿದರೆ ಇದೂ ಖಾಲಿ.

ಬೂಝಿಯೆಸ್‌ನಲ್ಲಿ ಕಿರಿದಾದ ತೂಗುಸೇತುವೆ ದಾಟಿ ಎಡದಂಡೆಗೆ ಬನ್ನಿ. ಇಲ್ಲಿ ಸೈಕಲ್ ಬೀಗ ಹಾಕಿಟ್ಟು ಅರ್ಧ ಗಂಟೆ ನಡೆಯಿರಿ. ಬಂಡೆಯ ಹೊಟ್ಟೆಯನ್ನೇ ಕೊರೆದು ಮಾಡಿದ ಕಾಲುದಾರಿ ಇದೆ. 1840ರ ದಶಕದ್ದು. ಆಗ ಸರಕಿನ ದೋಣಿಗಳನ್ನು ನೀರಿಗೆದುರಾಗಿ ಹಗ್ಗ ಕಟ್ಟಿ ದಂಡೆಯಿಂದ ಎಳೆಯುತ್ತಿದ್ದರು. ತಲೆಯ ಮೇಲೆ ಕಲ್ಲಿನ ಚಾವಣಿ, ಪಕ್ಕದಲ್ಲೇ ಹಸಿರು ನೀರು. ರೋಡ್ ಸೈಕಲ್ಲಿಗೆ ಇದು ದಾರಿಯಲ್ಲ. ನಡೆಯುವವರ ನಡುವೆ ತಳ್ಳಿಕೊಂಡು ಹೋಗುವುದೂ ಬೇಡ.

ಆಮೇಲೆ ಡಿ 40 ಏರು. ನದಿಯಿಂದ ಸುಮಾರು ನೂರು ಮೀಟರ್ ಮೇಲಿದೆ ಸ್ಯಾಂ-ಸಿರ್-ಲಪೊಪಿ. ಕಡಿದಾದ ಬಂಡೆಯ ಅಂಚಿಗೆ ಮನೆಗಳು ಗುಬ್ಬಿಗೂಡಿನ ಹಾಗೆ ಅಂಟಿಕೊಂಡಿವೆ. ಕವಿ ಆಂದ್ರೆ ಬ್ರೆತೋಂ 1951ರಲ್ಲಿ ಇಲ್ಲಿ ಮನೆ ಕೊಂಡ. 2012ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಫ್ರೆಂಚರು ಇದನ್ನು ತಮ್ಮ ಮೆಚ್ಚಿನ ಹಳ್ಳಿ ಅಂತ ಆರಿಸಿದರು. ಅಂದಮೇಲೆ ಹಗಲು ಜಾತ್ರೆ. ಆದರೆ ಸಂಜೆ ಆರರ ಮೇಲೆ ಬಸ್ಸುಗಳು ಹೊರಟು ಹೋಗುತ್ತವೆ. ಮೊದಲ ದಿನ ಇಷ್ಟು ಕಮ್ಮಿ ದೂರ ಇಟ್ಟದ್ದು ಅದಕ್ಕೇ. ಇಲ್ಲೇ ಉಳಿಯಿರಿ. ಬೆಳಿಗ್ಗೆ ಏಳಕ್ಕೆ ಕಲ್ಲುಹಾಸಿನ ಓಣಿಯಲ್ಲಿ ನೀವು, ಒಂದು ಬೆಕ್ಕು, ಕೆಳಗೆ ನದಿಯ ಮೇಲೆ ಮಂಜು.

7. ಎರಡು ಮತ್ತು ಮೂರನೇ ದಿನ: ಸೆಲೆ

ಇದಕ್ಕೇ ಬಂದದ್ದು. ಬೂಝಿಯೆಸ್ ಎದುರಿಗೆ ಕೋಂದುಶೆ ಅನ್ನುವಲ್ಲಿ ಸೆಲೆ ಬಂದು ಲೋಟ್ ಸೇರುತ್ತದೆ. ಅಲ್ಲಿಂದ ಡಿ 41. ಫಿಜಾಕ್‌ವರೆಗೆ ಸುಮಾರು 55 ಕಿ.ಮೀ. ನದಿ ಅಷ್ಟೂ ದೂರಕ್ಕೆ ಏರುವುದು ಕಮ್ಮಿ, ಆದರೆ ಬಂಡೆ ಅಡ್ಡ ಬಂದಲ್ಲೆಲ್ಲ ರಸ್ತೆ ಸ್ವಲ್ಪ ಹತ್ತಿ ಇಳಿಯುತ್ತದೆ. ಒಂದು ದಿನದಲ್ಲಿ ಮುಗಿಸಬಹುದು. ಮುಗಿಸಬೇಡಿ.

ಐದು ಕಿ.ಮೀ. ಒಳಗೇ ಕಾಬ್ರೆರೆ. ಹಳ್ಳಿಯ ತಲೆಯ ಮೇಲಿನ ಬಂಡೆಗೆ ಅಂಟಿಕೊಂಡು ಮುರುಕು ಕೋಟೆಯೊಂದಿದೆ, ಸೈತಾನನ ಕೋಟೆ ಅನ್ನುತ್ತಾರೆ. ಈ ಕಣಿವೆಯುದ್ದಕ್ಕೂ ಬಂಡೆಯ ಪೊಟರೆಗಳಿಗೆ ಗೋಡೆ ಕಟ್ಟಿ ಮಾಡಿದ ಇಂಥ ಅಡಗುತಾಣಗಳಿವೆ.

ಕಾಬ್ರೆರೆಯಿಂದ ಮೇಲಕ್ಕೆ ಪೆಶ್ ಮೆರ್ಲ್ ಗುಹೆ. ಏರು ಜೋರಾಗಿದೆ. ಆದರೂ ಹೋಗಿ. 1922ರಲ್ಲಿ ಇಬ್ಬರು ಹುಡುಗರು, ಆಂದ್ರೆ ದಾವಿದ್ ಮತ್ತು ಆಂರಿ ದ್ಯುತೆರ್ತ್ರ್, ತೆವಳಿಕೊಂಡು ಹೋಗಿ ಒಳಗಿನ ಚಿತ್ರಗಳನ್ನು ಕಂಡುಹಿಡಿದರು. ಎರಡು ಕುದುರೆಗಳು, ಮೈತುಂಬ ಕಪ್ಪು ಚುಕ್ಕೆ. ಸುತ್ತ ಅಂಗೈ ಗುರುತುಗಳು, ಕೈ ಗೋಡೆಗಿಟ್ಟು ಬಾಯಿಂದ ಬಣ್ಣ ಊದಿದವು. ಸುಮಾರು 29,000 ವರ್ಷ ಹಳೆಯವು. ಬಲಗಡೆಯ ಕುದುರೆಯ ತಲೆ ಇರುವ ಕಡೆ ಬಂಡೆಯ ಅಂಚೇ ಕುದುರೆ ತಲೆಯ ಆಕಾರದಲ್ಲಿದೆ. ಬರೆದವರು ಮೊದಲು ಅದನ್ನು ನೋಡಿ ಆಮೇಲೆ ಕುದುರೆ ಬರೆದರು ಅನ್ನಿಸುತ್ತದೆ. ಇಲ್ಲಿ ತೋರಿಸುವುದು ಅಸಲಿ ಗುಹೆಯನ್ನೇ, ನಕಲು ಮಾಡಿಟ್ಟದ್ದಲ್ಲ. ದಿನಕ್ಕೆ 700 ಜನಕ್ಕೆ ಮಾತ್ರ ಪ್ರವೇಶ, ಟಿಕೆಟ್ ಮೊದಲೇ ಕಾಯ್ದಿರಿಸಿ. ಕೆಳಗೆ ಲೋಹ ಇರುವ ಸೈಕಲ್ ಶೂ ಹಾಕಿಕೊಂಡು ಒಳಗೆ ಹೋಗಬೇಡಿ, ಒದ್ದೆ ಕಲ್ಲು. ಬೆವರಿದ ಮೈಗೆ ಒಳಗಿನ ತಂಪು ಚಳಿ ಹಿಡಿಸುತ್ತದೆ, ಒಂದು ಜಾಕೆಟ್ ಇರಲಿ.

ಗುಹೆಯಿಂದ ಇಳಿದು ಸೊಲಿಯಾಕ್ ದಾಟಿ ಮಾರ್ಸಿಯಾಕ್‌ವರೆಗೆ ಎರಡನೇ ದಿನ. ಈ ತುಂಡು ನನಗೆ ಎಲ್ಲಕ್ಕಿಂತ ಇಷ್ಟ. ರಸ್ತೆ ಎಷ್ಟು ಸುಮ್ಮನಿರುತ್ತದೆಂದರೆ ಚೈನಿನ ಸದ್ದು ಬಂಡೆಗೆ ಬಡಿದು ವಾಪಸ್ ಬರುತ್ತದೆ. ಹೊಲದ ಬದುವಿನಲ್ಲಿ ಆಕ್ರೋಟ್ ಮರ. ಮೇಲಿನ ಕೋಸ್‌ನ ಕುರಿಗಳನ್ನು ಒಂದು ಸಲ ಹತ್ತಿರದಿಂದ ನೋಡಿ. ಮೈಯೆಲ್ಲ ಬಿಳಿ, ಕಣ್ಣಿನ ಸುತ್ತ ಮಾತ್ರ ದುಂಡಗೆ ಕಪ್ಪು, ಕಿವಿಯೂ ಕಪ್ಪು. ಮಗುವಿಗೆ ದೃಷ್ಟಿ ತಾಗದಿರಲಿ ಅಂತ ಅಜ್ಜಿ ಒಂದಿಷ್ಟು ಜಾಸ್ತಿಯೇ ಕಾಡಿಗೆ ಮೆತ್ತಿದ ಹಾಗೆ. ಬೇಲಿ ಪಕ್ಕ ನಿಂತರೆ ಇಡೀ ಮಂದೆ ಮೇಯುವುದು ಬಿಟ್ಟು ನಿಮ್ಮನ್ನೇ ನೋಡುತ್ತದೆ.

ಮಾರ್ಸಿಯಾಕ್‌ನಲ್ಲಿ ಹಳೆಯ ಮಠದ ಪಾಳು ಇದೆ. ಚಾವಣಿ ಇಲ್ಲದ ಕಂಬಗಳ ನಡುವೆ ಹುಲ್ಲು. ಹಳ್ಳಿಯಲ್ಲಿ ತಂಗಲು ಜಾಗ ಸಿಗುತ್ತದೆ, ಯಾಕೆಂದರೆ ಸ್ಪೇನಿನ ಸಾಂತಿಯಾಗೋಗೆ ನಡೆದು ಹೋಗುವ ಯಾತ್ರಿಕರ ದಾರಿಯ ಒಂದು ಕವಲು ಈ ಕಣಿವೆಯಲ್ಲೇ ಹಾದು ಹೋಗುತ್ತದೆ. ಅವರಿಗಾಗಿ ಇರುವ ಸಾದಾ ವಸತಿಗಳಲ್ಲಿ ಸೈಕಲ್ಲಿನವರನ್ನೂ ಸೇರಿಸುತ್ತಾರೆ. ಹಾಸಿಗೆ, ರಾತ್ರಿ ಊಟ, ಒಂದೇ ಮೇಜಿಗೆ ಎಲ್ಲರೂ. ಫೋನ್ ಮಾಡಿ ಹೋಗಿ, ಹಾಸಿಗೆ ಬೇಗ ತುಂಬುತ್ತವೆ. ಒಳಗೆ ಕಾಲಿಡುವಾಗ 'ಬೋಂಜೂರ್' ಅನ್ನದೆ ನೇರ ವಿಷಯಕ್ಕೆ ಬಂದರೆ ಮುಖ ಸಿಂಡರಿಸುತ್ತಾರೆ. ಅಂಗಡಿಯಲ್ಲೂ ಹಾಗೆಯೇ.

ಮೂರನೇ ದಿನ ಬ್ರೆಂಗ್ ದಾಟಿ ಎಸ್ಪಾನ್ಯಾಕ್-ಸೆಂತ್-ಉಲಾಲಿ. ರಸ್ತೆಯಿಂದ ನೋಡಿದರೆ ನದಿಯಾಚೆ ಮರದ ಚೌಕಟ್ಟು, ಇಟ್ಟಿಗೆ ಸೇರಿಸಿ ಮಾಡಿದ ಗಂಟೆ ಗೋಪುರ ಕಾಣುತ್ತದೆ, ಮೇಲೆ ಟೊಪ್ಪಿಯ ಹಾಗೆ ಚೂಪು ಮಾಡು. ಸುಮ್ನೆ ದಾಟಿ ಹೋಗಬೇಡಿ. ಹಳೆಯ ಸನ್ಯಾಸಿನಿ ಮಠದ ಅಂಗಳದಲ್ಲಿ ಕೂತು ಬುತ್ತಿ ಬಿಚ್ಚಿ. ಇಲ್ಲಿಂದ ಕಾರ್ನ್, ಬುಸಾಕ್ ಮೂಲಕ ಫಿಜಾಕ್. ಕೊನೆಯ ಕೆಲವು ಕಿ.ಮೀ. ಪಟ್ಟಣದ ಕಾರುಗಳು ಸೇರಿಕೊಳ್ಳುತ್ತವೆ, ಒಬ್ಬರ ಹಿಂದೆ ಒಬ್ಬರು ಹೋಗಿ.

ಫಿಜಾಕ್ ಅಂದರೆ ಶಾಂಪೋಲಿಯೋಂ ಊರು. 1790ರಲ್ಲಿ ಇಲ್ಲಿ ಹುಟ್ಟಿದ ಆತ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ. ಅವನ ಮನೆಯ ಪಕ್ಕದ ಅಂಗಳದ ನೆಲಕ್ಕೇ, ಆ ಗುಟ್ಟು ಬಿಡಿಸಲು ನೆರವಾದ ರೊಸೆಟ್ಟಾ ಶಾಸನಕಲ್ಲಿನ ದೊಡ್ಡ ಪ್ರತಿ ಹಾಸಿದ್ದಾರೆ, ಅದರ ಮೇಲೆ ನಡೆದಾಡಬಹುದು. ಜಗತ್ತಿನ ಲಿಪಿಗಳ ಮ್ಯೂಸಿಯಂ ಕೂಡ ಇದೆ. ಶಾಸನ, ಲಿಪಿ ಅಂದರೆ ಕಿವಿ ನಿಮಿರುವವರು ಇಲ್ಲಿ ಅರ್ಧ ದಿನ ಜಾಸ್ತಿ ಇಟ್ಟುಕೊಳ್ಳಿ.

8. ನಾಲ್ಕನೇ ದಿನ: ಕಾಜಾರ್ಕ್ ಮೂಲಕ ವಾಪಸ್, 50 ಕಿ.ಮೀ.

ಫಿಜಾಕ್‌ನಿಂದ ಡಿ 662 ಮೊದಲು ಏರುತ್ತದೆ. ಫೇಸೆಲ್ ಹಳ್ಳಿಯ ಹತ್ತಿರ ನಿಂತರೆ ಇಡೀ ಲೋಟ್ ಕಣಿವೆ ಕಾಲ ಕೆಳಗೆ. ಆಮೇಲೆ ಉದ್ದದ ಇಳಿಜಾರು, ಲಾರೋಕ್-ತ್ವಾರಾಕ್ ಕೋಟೆ, ಕಾಜಾರ್ಕ್. ಸುಮಾರು 25 ಕಿ.ಮೀ. ಇದರಲ್ಲಿ ಕಾರು ಸ್ವಲ್ಪ ಜಾಸ್ತಿ, ಒಪ್ಪುತ್ತೇನೆ. ಕಾಲಲ್ಲಿ ಕಸುವು ಇರುವವರು ಎದುರು ದಂಡೆಯ ಡಿ 127 ಹಿಡಿಯಬಹುದು. ಅದು ಸೋ ದ ಲಾ ಮೂನೀನ್ ಅನ್ನುವ ಬಂಡೆಯ ತುದಿಗೆ ಹತ್ತಿಸುತ್ತದೆ. ನದಿಯ ತಿರುವು ಅಲ್ಲಿಂದ ಕಾಣುವ ಹಾಗೆ ಬೇರೆಲ್ಲೂ ಕಾಣುವುದಿಲ್ಲ.

ಕಾಜಾರ್ಕ್‌ನಲ್ಲಿ ಊಟ, ಹನ್ನೆರಡೂವರೆಗೆ! ಕಾದಂಬರಿಕಾರ್ತಿ ಫ್ರಾಂಸ್ವಾಸ್ ಸಗಾಂ 1935ರಲ್ಲಿ ಹುಟ್ಟಿದ ಊರು ಇದು. ಸುತ್ತಮುತ್ತ ಕೇಸರಿ ಬೆಳೆಯುತ್ತಾರೆ. ಮಧ್ಯಯುಗದಲ್ಲಿ ಇದ್ದ ಬೆಳೆ, ನಿಂತುಹೋಗಿ, 1990ರ ದಶಕದ ಕೊನೆಗೆ ಮತ್ತೆ ಶುರುವಾಯಿತು. ಹೂ ಬಿಡುವುದು ಅಕ್ಟೋಬರ್‌ನಲ್ಲಿ. ಪುಟ್ಟ ಸೀಸೆ ಕೊಂಡುಕೊಳ್ಳಿ, ಮನೆಯಲ್ಲಿ ಕೇಸರಿಬಾತ್ ಮಾಡುವಾಗ ಬೇಕಾಗುತ್ತದೆ. ಚೀಲದ ಭಾರವೂ ಇಲ್ಲ.

ಮುಂದೆ ಲಾರ್ನಗೋಲ್ ಹತ್ತಿರ ಸೇತುವೆ ದಾಟಿ ಎಡದಂಡೆಗೆ ಬಂದುಬಿಡಿ. ಕಾಲ್ವಿನ್ಯಾಕ್‌ನಿಂದ ಡಿ 8, ಚಿಕ್ಕ ತಮ್ಮ. ಅಲ್ಲಿಂದ ಸೆನ್ವಿಯೇರ್ ಕೋಟೆಯ ಬುಡದಲ್ಲಿ ಹಾದು ಸ್ಯಾಂ-ಸಿರ್‌ವರೆಗೆ. ಕೋಟೆಯೊಳಗೆ ರಸವಾದದ ಚಿತ್ರಗಳಿರುವ ಕೋಣೆಯಿದೆ, ತೆಗೆದಿರುವ ಹೊತ್ತು ಮೊದಲೇ ನೋಡಿಕೊಳ್ಳಿ. ಈ ರಸ್ತೆಯಲ್ಲಿ ಒಂದು ಸಂಜೆ ಒಂದೂವರೆ ಗಂಟೆಯಲ್ಲಿ ನಾಲ್ಕು ಕಾರು ಎಣಿಸಿದೆ. ಆಚೆ ದಂಡೆಯ ಡಿ 662ರಲ್ಲಿ ಬೈಕುಗಳ ಸದ್ದು ಕೇಳುತ್ತಿತ್ತು, ಪಕ್ಕದ ಮನೆಯ ಮಿಕ್ಸಿಯ ಹಾಗೆ.

ರಾತ್ರಿ ಈ ಸಲ ಬೆಟ್ಟ ಹತ್ತಬೇಡಿ. ಸ್ಯಾಂ-ಸಿರ್ ಕೆಳಗೆ, ನದಿಯಾಚೆಯ ತೂರ್-ದ-ಫೋರ್‌ನಲ್ಲಿ ಉಳಿದರೆ ಮೇಲಿನ ಹಳ್ಳಿಯ ದೀಪಗಳು ಕಾಣುತ್ತವೆ. ಕೋಣೆ ಬಾಡಿಗೆಯೂ ಕಮ್ಮಿ.

9. ಐದನೇ ದಿನ

ಬಂದ ದಾರಿಯಲ್ಲೇ ಕಾಓರ್. ಎಂಟರೊಳಗೆ ಡಿ 662 ತುಂಡು ಮುಗಿಸಿ, ವೇರ್ ಸೇತುವೆ ದಾಟಿ ಎಡದಂಡೆಗೆ ಬಂದರೆ ಆಮೇಲೆ ಅವಸರವಿಲ್ಲ. ಬುಧವಾರ ಅಥವಾ ಶನಿವಾರ ಬೆಳಿಗ್ಗೆ ತಲುಪುವ ಹಾಗೆ ಲೆಕ್ಕ ಹಾಕಿ. ಎರಡು ಗುಮ್ಮಟದ ದೊಡ್ಡ ಚರ್ಚಿನ ಮುಂದೆ ಆ ದಿನ ಸಂತೆ. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಕಟ್ಟಿಕೊಂಡು ಹೊರಡುತ್ತಾರೆ. ಸೈಕಲ್ ವಾಪಸ್ ಕೊಡುವ ಅಂಗಡಿಯೂ ಅದೇ ಹೊತ್ತಿಗೆ ಬಾಗಿಲು ಹಾಕಿ ಎರಡಕ್ಕೆ ತೆಗೆಯುತ್ತದೆ. ರೈಲು ಎರಡೂಕಾಲಿಗೆ ಇದ್ದರೆ ಬೆಳಿಗ್ಗೆ ಹನ್ನೊಂದೂವರೆಗೇ ಸೈಕಲ್ ಕೊಟ್ಟುಬಿಡಿ. ನಾನು ಕೊಡದೆ, ಬೀಗ ಹಾಕಿದ ಬಾಗಿಲ ಮುಂದೆ ಒಂದು ಕಿಲೋ ಆಕ್ರೋಟ್ ಚೀಲ ಹಿಡಿದುಕೊಂಡು ಕೂತಿದ್ದೆ. ರೈಲು ಹೋಯಿತು. ಮುಂದಿನದು ಬರುವಷ್ಟರಲ್ಲಿ ಆಕ್ರೋಟ್ ಅರ್ಧ ಕಿಲೋ ಆಗಿತ್ತು.